ಗೇಟಿನ ಹೊರಗೆ ಕಟ್ಟಿದ ಕುದುರೆ

ನಮ್ಮ ಸೀಮೆಯ ನೀರಾವರಿ ಕಾಲುವೆಗೆ ಮೊದಲ ಸಲ ನೀರು ಬಿಟ್ಟು ಐದಾರು ವರ್ಷ ಕಳೆದಿದ್ದ ಕಾಲ ಅದು. ಪಶು ಆಸ್ಪತ್ರೆಯಲ್ಲಿ ಪರಿವೀಕ್ಷಕನಾಗಿ ಸೇವೆ ಮುಗಿಸಿದ್ದ ನಾನು, ಶಹಾಪುರಕ್ಕೂ ಭೀಮರಾಯನಗುಡಿಗೂ ನಡುವೆ ಹೊಸದಾಗಿ ತೆರೆದಿದ್ದ ಕುದುರೆಗಳ ಆಶ್ರಯಧಾಮಕ್ಕೆ ಮೇಲ್ವಿಚಾರಕನಾಗಿ ಸೇರಿಕೊಂಡಿದ್ದೆ. ಪರಿವೀಕ್ಷಕ ಅಂದರೆ ಡಾಕ್ಟರ್ ಅಲ್ಲ. ಡಾಕ್ಟರು ಬರೆದುಕೊಟ್ಟ ಇಂಜೆಕ್ಷನ್ ಚುಚ್ಚುವವನು, ಗಾಯಕ್ಕೆ ಪಟ್ಟಿ ಕಟ್ಟುವವನು, ಲಸಿಕೆ ಹಾಕುತ್ತ ಊರೂರು ತಿರುಗುವವನು. ಆದರೆ ನಮ್ಮ ಕಡೆ ದನದ ಮೈ ಮುಟ್ಟಿ ನೋಡುವವರೆಲ್ಲ ಡಾಕ್ಟರೇ. ಎಷ್ಟು ಸಲ ಅಲ್ಲ ಅಂದರೂ ಜನ ಬಿಡಲಿಲ್ಲ, ಕೊನೆಗೆ ನಾನೂ ಸುಮ್ಮನಾದೆ.

ಈ ಸೀಮೆಯಲ್ಲಿ ಕುದುರೆಗೆ ಆಶ್ರಯಧಾಮ ಯಾಕೆ ಅಂತ ಕೇಳುವವರಿಗೆ ಒಂದು ಮಾತು. ಯಾದಗಿರಿ ಸ್ಟೇಷನ್ನಿನ ಮುಂದೆ ಸಾಲು ಹಿಡಿದು ನಿಲ್ಲುತ್ತಿದ್ದ ಟಾಂಗಾಗಳು ಆಟೋ ಬಂದ ಮೇಲೆ ಒಂದೊಂದಾಗಿ ಇಲ್ಲವಾದವು. ಟಾಂಗಾದ ಕಟ್ಟಿಗೆಗಾದರೂ ಗಿರಾಕಿ ಸಿಗುತ್ತಾನೆ, ಮುದಿ ಕುದುರೆಯನ್ನು ಯಾರು ಕೇಳುತ್ತಾರೆ? ಬಿಟ್ಟುಬಿಟ್ಟರು. ಅವು ಅಡ್ಡಾಡುತ್ತ ಕಾಲುವೆ ಕಡೆ ಬಂದು, ನೀರು ಕುಡಿಯಲು ಇಳಿದು, ಮತ್ತೆ ಮೇಲೆ ಹತ್ತಲಾಗದೆ ಸಾಯುತ್ತಿದ್ದವು. ಕಾಲುವೆಯ ಇಳಿಜಾರಿಗೆ ಹಾಸಿದ ಸಿಮೆಂಟಿನ ಚಪ್ಪಡಿ ಮೇಲೆ ಗೊರಸು ನಿಲ್ಲುವುದಿಲ್ಲ. ಅದನ್ನು ನೋಡಲಾಗದ ನಾಲ್ಕಾರು ಜನ ಕೂಡಿ ಒಂದು ಟ್ರಸ್ಟ್ ಮಾಡಿದರು. ನಾನು ಸೇರಿದಾಗ ಹತ್ತೊಂಬತ್ತು ಕುದುರೆಗಳಿದ್ದವು. ಹೆಚ್ಚಿನವು ಮುದಿ, ಮೂರಕ್ಕೆ ಕಣ್ಣಿಲ್ಲ, ಒಂದು ಕುಂಟುತ್ತಿತ್ತು.

ನನ್ನನ್ನೇ ಕರೆದಿದ್ದಕ್ಕೆ ಕಾರಣ ನಮ್ಮಪ್ಪ. ಸುರಪುರದಲ್ಲಿ ಅವನು ಟಾಂಗಾ ಹೊಡೆಯುತ್ತಿದ್ದ. ನಡೆಯಲು ಕಲಿಯುವ ಮೊದಲೇ ನಾನು ಕುದುರೆಯ ಹೊಟ್ಟೆಯ ಕೆಳಗೆ ತೆವಳಿದವನು. ಕುದುರೆಯ ವಿಷಯ ನನಗೆ ಯಾರೂ ಕಲಿಸಿದ್ದಲ್ಲ, ಹಾಗೇ ಮೈಗೆ ಹತ್ತಿದ್ದು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಮುಂದೆ ಆದ ಅನಾಹುತದ ಬೇರು ಇಲ್ಲೇ ಇದೆ ಅಂತ ಹೇಳುತ್ತಿದ್ದೇನೆ.

ಕೆಲಸಗಾರರು ಐದು ಜನ. ಟ್ರಸ್ಟಿನ ಕಾರ್ಯದರ್ಶಿ ಸಾಹೇಬರಿಗೆ ದೂರದ ಶಹರದ ರೇಸ್ ಕುದುರೆಗಳ ಲಾಯದಿಂದ ಪಳಗಿದ ಆಳುಗಳನ್ನು ತರಿಸುವ ಆಸೆ. ನಾನು ಒಪ್ಪಲಿಲ್ಲ. ಈ ಬಿಸಿಲಿಗೆ ಎರಡು ತಿಂಗಳು ನಿಲ್ಲದವರನ್ನು ತಂದು ಏನು ಮಾಡುವುದು, ಊರ ಮಂದಿಯನ್ನೇ ತೆಗೆದುಕೊಳ್ಳೋಣ, ನಾನು ಕಲಿಸುತ್ತೇನೆ ಅಂದೆ. "ಹಂಗಾದ್ರ ಎಲ್ಲಾ ನಿಮ್ಮ ಜವಾಬ್ದಾರಿ ನೋಡ್ರಿ" ಅಂದರು. ಹೌದು ನನ್ನದೇ ಅಂದೆ. ನನಗೆ ಮೂಗಿನ ಮೇಲೆಯೇ ಸಿಟ್ಟು, ಮಾತೂ ಹಾಗೆಯೇ.

ಐವರಲ್ಲಿ ಇಬ್ಬರನ್ನು ಇಲ್ಲಿ ಹೇಳಬೇಕು. ಒಬ್ಬ ಹಣಮಂತ, ಸುರಪುರ ಕಡೆಯ ರೈತ, ಐವತ್ತು ದಾಟಿದವ, ಎತ್ತಿನ ಕಣ್ಣು ನೋಡಿ ಅದು ನಿನ್ನೆ ಏನು ತಿಂದಿದೆ ಅಂತ ಹೇಳುವಂಥವ. ಇನ್ನೊಬ್ಬಳು ನಾಗಮ್ಮ. ಶಿರವಾಳದ ಹತ್ತಿರದ ಒಂದು ಬೌದ್ಧ ಮನೆತನದ ಹೆಣ್ಣುಮಗಳು, ಮೂವತ್ತೈದರ ಆಸುಪಾಸು. ಅದುವರೆಗೆ ಹತ್ತಿ ಬಿಡಿಸುವ, ಕಳೆ ತೆಗೆಯುವ ಕೂಲಿ ಮಾಡಿದವಳು. ಅಕ್ಷರ ಕೂಡಿಸಿ ಓದಲು ಬರುತ್ತಿತ್ತು. ಮೊದಲ ದಿನವೇ ಬಿಜಲಿ, ಅಂದರೆ ಮಿಂಚು, ಎಂಬ ಮುದಿ ಹೆಣ್ಣು ಕುದುರೆ ಅವಳ ಸೆರಗು ಕಚ್ಚಿ ಎಳೆಯಿತು. ಉಳಿದವರು ದೂರ ಸರಿದರು. ಇವಳು ಸೆರಗು ಬಿಡಿಸಿಕೊಂಡು, "ಇದ ಒಂದ ಛಲೋ ಸೀರಿ ಐತಿ ನನಗ. ತಿಂದಿ ಅಂದ್ರ ನಿನ್ನ ಹಲ್ಲ ಕೀಳತೀನಿ ನೋಡು" ಅಂತ ಕುದುರೆಗೇ ಗದರಿದಳು. ಅವತ್ತಿನಿಂದ ಬಿಜಲಿ ಅವಳ ಪಾಲಿಗೆ ಬಂತು.

ನಲವತ್ತು ದಿನ ಕಲಿಸಿದೆ. ಎತ್ತು ಸಾಕಿದವರು ನೇರ ಮುಖಕ್ಕೆ ಕೈ ಹಾಕುತ್ತಾರೆ. ಕುದುರೆಗೆ ಹಾಗಲ್ಲ, ದನಿ ಕೊಡುತ್ತ ಎಡ ಭುಜದ ಕಡೆಯಿಂದ ಬರಬೇಕು. ದಿನಾ ನಾಲ್ಕೂ ಗೊರಸು ಎತ್ತಿ ಕಸ ತೆಗೆಯಬೇಕು. ಮೇವನ್ನು ಒಂದೇ ಸಲ ಸುರಿಯಬಾರದು, ಸ್ವಲ್ಪ ಸ್ವಲ್ಪವಾಗಿ ನಾಲ್ಕೈದು ಸಲ ಕೊಡಬೇಕು, ಯಾಕೆಂದರೆ ಕುದುರೆಗೆ ಮೆಲುಕು ಇಲ್ಲ, ತಿಂದದ್ದು ಬಾಯಿಗೆ ಮರಳುವುದಿಲ್ಲ. ಹೀಗೆ ಇಪ್ಪತ್ತೆರಡು ಅಂಶ ಬರೆದು ಒಂದು ದೊಡ್ಡ ಹಾಳೆಯನ್ನು ಲಾಯದ ಗೋಡೆಗೆ ಅಂಟಿಸಿದೆ. ಐವರಿಗೂ ಬಾಯಿಪಾಠ ಮಾಡಿಸಿದೆ. ನನ್ನಂಥ ಮಾಸ್ತರು ಇಲ್ಲ ಅಂದುಕೊಂಡೆ.

ಔಷಧ ತರಲು ಯಾದಗಿರಿಗೆ ಹೋಗಿದ್ದ ದಿನ ಅದು ಆಯಿತು. ಸಂಜೆ ನಾಲ್ಕಕ್ಕೆ ಬಸ್ಸಿಳಿದು ಒಳಗೆ ಬಂದರೆ, ಬಿಜಲಿ ಕುತ್ತಿಗೆ ಮುಂದೆ ಚಾಚಿ ನಿಂತು ಕೆಮ್ಮುತ್ತಿತ್ತು. ಮೂಗಿನ ಎರಡೂ ಹೊಳ್ಳೆಯಿಂದ ಎಣ್ಣೆ ಕೂಡಿದ ನೊರೆ ಇಳಿಯುತ್ತಿತ್ತು. ನಾಗಮ್ಮ ಹಗ್ಗ ಹಿಡಿದು ನಿಂತಿದ್ದಳು, ಹಣಮಂತನ ಕೈಯಲ್ಲಿ ಗೊಟ್ಟ ಇತ್ತು. ಗೊಟ್ಟ ಅಂದರೆ ಎತ್ತಿಗೆ ಔಷಧ ಕುಡಿಸುವ ಬಿದಿರಿನ ಕೊಳವೆ, ಒಂದು ತುದಿ ಓರೆಯಾಗಿ ಕೊಯ್ದದ್ದು. ಎತ್ತಿನ ಮುಖ ಮೇಲೆತ್ತಿ ಬಾಯಿಯ ಮೂಲೆಯಿಂದ ಅದನ್ನು ಹಾಕಿ ಸುರಿಯುತ್ತಾರೆ. ನಮ್ಮ ಸೀಮೆಯಲ್ಲಿ ಅದಿಲ್ಲದ ರೈತನ ಮನೆ ಇಲ್ಲ.

"ಏನ್ ಮಾಡೀರಿ ಇದಕ್ಕ?" ಅಂದೆ.

ಹಣಮಂತ ನೆಲ ನೋಡಿದ. ಹೇಳಿದವಳು ನಾಗಮ್ಮ. "ಮಧ್ಯಾಹ್ನ ಬಿದ್ದು ಹೊರಳಾಡಾಕತ್ತಿತ್ರಿ. ತಿರುಗಿ ತಿರುಗಿ ಹೊಟ್ಟಿ ನೋಡಾಕತ್ತಿತ್ತು. ಹೊಟ್ಟಿ ಉಬ್ಬರ ಅಂತ ತಿಳದು ಕುಸುಬಿ ಎಣ್ಣಿಗೆ ಅಜವಾನ, ಇಂಗು ಕೂಡಿಸಿ ಗೊಟ್ಟ ಹಾಕೀನ್ರಿ. ಗೊಟ್ಟ ಹಣಮಂತಣ್ಣಂದು. ಹಾಕಿದಾಕಿ ನಾನ."

ನನಗೆ ತಲೆ ಕೆಟ್ಟುಹೋಯಿತು. ಹಲ್ಲು ಸವೆದ ಮುದಿ ಕುದುರೆ ಮೇವನ್ನು ಸರಿಯಾಗಿ ಅಗಿಯದೆ ನುಂಗಿದಾಗ ಹೊಟ್ಟೆಶೂಲೆ ಬರುವುದು ಸಾಮಾನ್ಯ, ನಾವು ಕಾಲಿಕ್ ಅನ್ನುತ್ತೇವೆ. ಮೆಲ್ಲಗೆ ಅಡ್ಡಾಡಿಸಿದ್ದರೆ ಅದೇ ಇಳಿಯುತ್ತಿತ್ತೋ ಏನೋ. ಎತ್ತಿನ ಹಾಗೆ ಕುದುರೆಯ ಮುಖ ಎತ್ತಿ ಎಣ್ಣೆ ಸುರಿದರೆ ಅದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯುವ ಅಪಾಯ ದೊಡ್ಡದು. ಡಾಕ್ಟರು ಬಂದರೂ ಮೂಗಿನಿಂದ ಉದ್ದನೆಯ ಟ್ಯೂಬ್ ಹಾಕಿ ಹೊಟ್ಟೆಗೆ ಮುಟ್ಟಿದ್ದನ್ನು ಖಾತ್ರಿ ಮಾಡಿಕೊಂಡೇ ಔಷಧ ಬಿಡುತ್ತಾರೆ. "ನಲವತ್ತು ದಿನ ಏನ್ ಮಣ್ಣು ಕಲತಿ ನೀನು?" ಅಂತ ಕೂಗಾಡಿದೆ. ಇನ್ನೂ ಏನೇನೋ ಅಂದೆ, ಬರೆಯಲು ನಾಚಿಕೆ ಆಗುತ್ತದೆ.

ನಾಗಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಗೋಡೆಯ ಹಾಳೆ ತೋರಿಸಿದಳು. "ಗೊಟ್ಟ ಹಾಕಬ್ಯಾಡ ಅಂತ ಇದರಾಗ ಎಲ್ಲೈತಿ, ತೋರಸ್ರಿ."

ಇರಲಿಲ್ಲ. ಇಪ್ಪತ್ತೆರಡರಲ್ಲಿ ಎಲ್ಲೂ ಇರಲಿಲ್ಲ. ಕುದುರೆಗೆ ಗೊಟ್ಟ ಹಾಕಬಾರದು ಅನ್ನುವುದು ನನಗೆ ಹೇಳುವ ಮಾತೇ ಆಗಿರಲಿಲ್ಲ, ನಮ್ಮ ಮನೆಯಲ್ಲಿ ಕೂಸಿಗೂ ಗೊತ್ತಿದ್ದ ಸಂಗತಿ. ಹೊಟ್ಟೆ ಕೆಟ್ಟ ಪಶುವಿಗೆ ಗೊಟ್ಟ ಹಾಕಬೇಕು ಅನ್ನುವುದು ಅವಳಿಗೆ ಕೇಳುವ ಮಾತೇ ಆಗಿರಲಿಲ್ಲ, ಅವಳ ಊರಲ್ಲೂ ಕೂಸಿಗೆ ಗೊತ್ತಿದ್ದ ಸಂಗತಿ. ನಾನು ಶಹಾಪುರದ ಪಶುವೈದ್ಯರನ್ನು ಕರೆಯಲು ಹೋದೆ.

ಅವರು ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಹೊಟ್ಟೆಶೂಲೆ ಇಳಿದಿದೆ, ಆದರೆ ಎಣ್ಣೆ ಶ್ವಾಸಕೋಶಕ್ಕೆ ಹೋಗಿದೆ, ಆಸ್ಪಿರೇಷನ್ ನ್ಯುಮೋನಿಯಾ ಅಂದರು. ಬೆಳಿಗ್ಗೆ ಸಂಜೆ ಇಂಜೆಕ್ಷನ್, ನೀಲಗಿರಿ ಎಲೆಯ ಹಬೆ, ಮೆತ್ತನೆ ಮೇವು. ಒಳಗಿನದು ಹೊರಗೆ ಇಳಿಯಬೇಕಾದರೆ ತಲೆ ಕೆಳಗೆ ಇರಬೇಕು, ಹಾಗಾಗಿ ಬುಟ್ಟಿಯನ್ನು ನೆಲದ ಮೇಲೇ ಇಡಿ ಅಂದರು. "ಅದಕ್ಕ ಯಾರ ಮ್ಯಾಲೆ ನಂಬಿಗಿ ಐತಿ, ಅವರು ಬಾಜೂಕ ಇರಬೇಕು. ಹತ್ತು ಹನ್ನೆರಡು ದಿನ ನೋಡೂಣು. ಉಳದರ ಉಳೀತು" ಅಂದು ಹೋದರು.

ಮರುದಿನ ಬೆಳಿಗ್ಗೆ ಕಾರ್ಯದರ್ಶಿ ಸಾಹೇಬರು ಬಂದರು. ಸುದ್ದಿ ಯಾರು ಮುಟ್ಟಿಸಿದರೋ ಗೊತ್ತಿಲ್ಲ. ಕುದುರೆಯನ್ನು ಒಂದು ಕ್ಷಣ ನೋಡಿ ನನ್ನನ್ನು ಆಫೀಸು ಕೋಣೆಗೆ ಕರೆದರು.

"ಮೊದಲ ಹೇಳಿದ್ದೆ ನಿಮಗ. ಈ ಮಂದಿಗೆ ಕುದುರಿ ಅಂದ್ರ ಏನ್ ತಿಳೀತೈತ್ರಿ? ಆಕೀನ್ನ ಇವತ್ತ ಕೆಲಸದಿಂದ ತಗೀರಿ."

"ಈ ಮಂದಿ ಅಂದ್ರ ಯಾವ ಮಂದಿರಿ?" ಅಂದೆ.

ಗೊಟ್ಟ ಹಣಮಂತನದು, ಆದರೆ ಅವನ ಹೆಸರು ಸಾಹೇಬರ ಬಾಯಿಂದ ಬರಲಿಲ್ಲ ಅನ್ನುವುದನ್ನು ನಾನು ಗಮನಿಸಿದ್ದೆ. ಅವಳನ್ನು ತೆಗೆಯುವುದಿಲ್ಲ ಅಂದೆ. ಸಾಹೇಬರು, ಹಾಗಾದರೆ ವರದಿ ಬರೆದು ಕೊಡಿ, ಯಾರ ತಪ್ಪು ಅಂತ ಸ್ಪಷ್ಟವಾಗಿ ಇರಲಿ ಅಂದರು. ಅಲ್ಲೇ ನಿಂತು ಬರೆದೆ: ಕುದುರೆಗೆ ಗೊಟ್ಟ ಹಾಕಬಾರದೆಂದು ಸಿಬ್ಬಂದಿಗೆ ಕಲಿಸಿರಲಿಲ್ಲ, ಇದು ತರಬೇತಿಯ ಲೋಪ, ತರಬೇತಿ ಕೊಟ್ಟವನು ನಾನು, ತಪ್ಪು ನನ್ನದು. ಕೆಳಗೆ ಸಹಿ ಮಾಡಿದೆ.

ಅವರು ಓದಿ ಮಡಚಿದರು. "ಇದು ವರದಿ ಅಲ್ಲರಿ, ಹಟ."

"ಹಟ ಅಂತನ ತಿಳ್ಕೋರಿ. ತಗಿಯೂದಿದ್ರ ನನ್ನ ತಗೀರಿ."

ನನ್ನನ್ನು ತೆಗೆಯುವ ಹಾಗಿರಲಿಲ್ಲ. ದಿನಕ್ಕೆರಡು ಸಲ ಇಂಜೆಕ್ಷನ್ ಯಾರು ಕೊಡಬೇಕು? ಅದಕ್ಕೆ ಅವರು ಬೇರೆ ದಾರಿ ಹಿಡಿದರು. ಹೋಗುವಾಗ ಗೇಟಿಗೆ ಒಂದು ಕಾಗದ ಅಂಟಿಸಿ, ಟ್ರಸ್ಟಿನ ಸಿಕ್ಕಾ, ಅಂದರೆ ಮೊಹರು, ಒತ್ತಿ ಹೋದರು. "ನಾಗಮ್ಮ ಇವರು ಮುಂದಿನ ಆದೇಶದವರೆಗೆ ಆಶ್ರಯಧಾಮದ ಗೇಟಿನ ಒಳಗೆ ಪ್ರವೇಶಿಸತಕ್ಕದ್ದಲ್ಲ."

ಮಾರನೇ ಬೆಳಿಗ್ಗೆ ಆರೂವರೆಗೆ, ದಿನದಂತೆ, ನಾಗಮ್ಮ ಬಂದಳು. ಕಾಗದವನ್ನು ಅಕ್ಷರ ಅಕ್ಷರ ಕೂಡಿಸಿ ಓದಿದಳು. ಗೇಟಿನಿಂದ ಹತ್ತು ಮಾರು ಆಚೆ ಒಂದು ಬೇವಿನ ಮರ, ಅದರಾಚೆ ಕಾಲುವೆಯ ದಾರಿ. ಮರದ ಕೆಳಗೆ ಹೋಗಿ ಕೂತಳು. ನಾನು ಹೋಗಿ, "ಮನಿಗೆ ಹೋಗವ್ವ, ನಾ ಎಲ್ಲಾ ಮಾತಾಡತೀನಿ" ಅಂದೆ.

"ಹೋಗಂಗಿಲ್ರಿ" ಅಂದಳು. "ಕುದುರಿ ಕೆಡಿಸಿ ಮನಿಗೆ ಹೋಗಿ ಕುಂದ್ರಲ್ಯಾ? ಒಳಗ ಬರಬ್ಯಾಡ ಅಂದಾರ, ಬರಂಗಿಲ್ಲ. ಕುದುರಿ ಹೊರಗ ಬರಬ್ಯಾಡ ಅಂತ ಏನರ ಬರದಾರೇನು?"

ನಾನು ಮತ್ತೊಮ್ಮೆ ಹೋಗಿ ಕಾಗದ ಓದಿದೆ. ಬರೆದಿರಲಿಲ್ಲ. ಒಳಗೆ ಹಣಮಂತ ನೆನೆಸಿದ ಬೂಸಾದ ಬುಟ್ಟಿ ಹಿಡಿದು ಬಿಜಲಿಯ ಮುಂದೆ ಒಂದು ತಾಸಿನಿಂದ ನಿಂತಿದ್ದ, ಅದು ಮೂಸಿಯೂ ನೋಡಿರಲಿಲ್ಲ. ನಾನು ಗೇಟಿನ ಎರಡೂ ಬಾಗಿಲು ಪೂರ್ತಿ ತೆರೆದು, ಹಗ್ಗ ಹಿಡಿದು, ಕುದುರೆಯನ್ನು ಹೊರಗೆ ಕರೆತಂದು ಬೇವಿನ ಮರಕ್ಕೆ ಕಟ್ಟಿದೆ. ನಾಗಮ್ಮನ ಕೈಯಿಂದ ಅದು ಅರ್ಧ ಬುಟ್ಟಿ ತಿಂದಿತು.

ಆವತ್ತಿನಿಂದ ನಮ್ಮ ಆಸ್ಪತ್ರೆ ಮರದ ಕೆಳಗೇ. ಮೂರು ಕಲ್ಲಿನ ಒಲೆ ಹೂಡಿದೆವು. ನೀರು ಕುದಿಸಿ, ನೀಲಗಿರಿ ಎಲೆ ಹಾಕಿ, ಬಕೆಟ್ಟಿಗೆ ಸುರಿದು, ಕುದುರೆಯ ಮುಖದ ಮೇಲೆ ಗೋಣಿಚೀಲ ಹೊದಿಸಿ ನಾಗಮ್ಮ ಹಬೆ ಕೊಡುವಳು. ಕೊಡುತ್ತ ಅದರ ಜೊತೆ ಜಗಳ ಆಡುವಳು. "ನಿನ್ನ ಹೆಸರು ಬಿಜಲಿ ಅಂತ ಯಾರಿಟ್ಟಾರವ್ವ, ಉಸರು ತಗೊಳ್ಳಾಕ ಇಷ್ಟೊತ್ತ ಮಾಡತಿ." ಕತ್ತಲಾಗುತ್ತಲೂ ನಾನು ಕುದುರೆಯನ್ನು ಒಳಗೆ ಕಟ್ಟುತ್ತಿದ್ದೆ, ಬೆಳಗಾಗುತ್ತಲೂ ಹೊರಗೆ ತರುತ್ತಿದ್ದೆ. ಕಾಗದದ ಮಾತನ್ನು ನಾವು ಒಂದಕ್ಷರವೂ ಮೀರಲಿಲ್ಲ.

ಮೂರನೇ ದಿನ ಹಣಮಂತ ತನ್ನ ಪಾಲಿನ ನಾಲ್ಕು ಕುದುರೆಗಳನ್ನು ಹಿಡಿದು ಹೊರಗೆ ಬಂದ. ಯಾಕೋ ಅಂದರೆ, "ಒಳಗ ನೆಳ್ಳಿಲ್ರಿ ಡಾಕ್ಟರ್ರ" ಅಂದ. ಒಳಗೆ ತಗಡಿನ ದೊಡ್ಡ ಲಾಯವೇ ಇತ್ತು. ಆಮೇಲೆ ಅವನೇ ತಗ್ಗಿದ ದನಿಯಲ್ಲಿ, "ಗೊಟ್ಟ ನಂದ ಇತ್ರಿ. ನನ್ನ ಹೆಸರ ಯಾರೂ ತಗೀಲಿಲ್ಲ. ಎರಡ ದಿನದಿಂದ ಊಟ ಸೇರವಲ್ದು" ಅಂದ. ಮಧ್ಯಾಹ್ನದ ಹೊತ್ತಿಗೆ ಉಳಿದ ಮೂವರೂ ತಮ್ಮ ತಮ್ಮ ಕುದುರೆಗಳ ಜೊತೆ ಹೊರಬಿದ್ದರು. ಕಾಲುವೆಯ ಚಪ್ಪಡಿ ಕಡೆ ಒಂದೂ ಹೋಗಬಾರದೆಂದು ಹೊಲದ ಬದಿಗೆ ಗೂಟ ಬಡಿದು ಸಾಲಾಗಿ ಕಟ್ಟಿದೆವು. ಮೈ ಉಜ್ಜುವುದು, ಗೊರಸು ತೆಗೆಯುವುದು, ಮೇವು, ಎಲ್ಲ ಅಲ್ಲೇ. ಶಹಾಪುರದ ಬಸ್ಸು ಆ ಜಾಗಕ್ಕೆ ಬಂದರೆ ನಿಧಾನ ಮಾಡುತ್ತಿತ್ತು. "ಏನ್ರಿ, ಮಿಲಿಟರಿ ಬಂದೈತೇನು?" ಅಂತ ಕಂಡಕ್ಟರ್ ಕೂಗಿದರೆ, "ಹೌದ್ರಿ, ನಾಗಮ್ಮಂದು" ಅಂತ ಹಣಮಂತ ಕೂಗುತ್ತಿದ್ದ.

ನಗೆ ಆರನೇ ದಿನಕ್ಕೆ ನಿಂತಿತು. ಬಿಜಲಿಗೆ ಜ್ವರ ಏರಿತು, ಅದು ಮುಂಗಾಲು ಮಡಚಿ ಮಲಗಿಬಿಟ್ಟಿತು. ಉಸಿರಿನ ಜೊತೆ ಹೊಟ್ಟೆ ಸೆಳೆಯುತ್ತಿತ್ತು. ಇಷ್ಟು ವರ್ಷ ಪಶುಗಳ ಸಾವು ನೋಡಿದವನಿಗೆ ಆ ಉಸಿರು ಗೊತ್ತು. ನಾಗಮ್ಮನ ಪಕ್ಕ ಕೂತು, "ಮನಸ ಗಟ್ಟಿ ಮಾಡ್ಕೋವ್ವ" ಅಂದೆ.

ಅವಳು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. "ಇದು ಸಾಯೂದು ನೋಡಾಕ ನಾ ಇಲ್ಲಿ ಕುಂತಿಲ್ರಿ. ಏಳ್ರಿ, ಎಬ್ಬಸೂಣು."

ಮಲಗಿದ ಕುದುರೆಯ ಕೆಳಗಿನ ಶ್ವಾಸಕೋಶಕ್ಕೆ ಭಾರ ಬೀಳುತ್ತದೆ, ಎಬ್ಬಿಸಬೇಕು ಅನ್ನುವುದು ನಾನೇ ಕಲಿಸಿದ ಹದಿನೇಳನೇ ಅಂಶ. ಮಾಸ್ತರು ಕೈಚೆಲ್ಲಿ ಕೂತಾಗ ಅದನ್ನು ನೆನಪಿಟ್ಟವಳು ಅವಳು. ಆರು ಜನ ಸೇರಿ, ಎದೆಯ ಕೆಳಗೆ ಗೋಣಿಪಟ್ಟಿ ತೂರಿಸಿ, ಮೂರು ಸಲ ಸೋತು ನಾಲ್ಕನೇ ಸಲ ಎಬ್ಬಿಸಿದೆವು. ಸಂಜೆವರೆಗೆ ಸರತಿಯಲ್ಲಿ ಹೆಗಲು ಕೊಟ್ಟು ನಿಲ್ಲಿಸಿಕೊಂಡೆವು. ನಾಗಮ್ಮ ತನ್ನ ಸರತಿಯನ್ನು ಯಾರಿಗೂ ಬಿಟ್ಟುಕೊಡಲಿಲ್ಲ. ಎಂಟನೇ ದಿನ ಜ್ವರ ಇಳಿಯಿತು. ಹತ್ತನೇ ದಿನ ಕೆಮ್ಮು ಕಡಿಮೆಯಾಗಿ, ಪಕ್ಕದ ಕುದುರೆಯ ಬುಟ್ಟಿಗೂ ಬಾಯಿ ಹಾಕಿತು.

ಹನ್ನೊಂದನೇ ದಿನ ಕಾರ್ಯದರ್ಶಿ ಸಾಹೇಬರ ಜೀಪು ಬಂತು. ಟ್ರಸ್ಟಿಗೆ ದೇಣಿಗೆ ಕೊಡುವ ಮೊದಲು ಆಶ್ರಯಧಾಮ ನೋಡಲು ಬಂದ ಗಂಡ ಹೆಂಡತಿ ಇಬ್ಬರು ಹಿರಿಯರು ಜೊತೆಗಿದ್ದರು. ಲಾಯ ಖಾಲಿ. ಸಾಹೇಬರ ಮುಖ ಕಪ್ಪಿಟ್ಟಿತು. ಆ ಹಿರಿಯ ಹೆಂಗಸು ಮರದ ಕಡೆ ಬಂದು, ಕುದುರೆಗಳನ್ನು ಯಾಕೆ ಹೊರಗೆ ಕಟ್ಟಿದ್ದೀರಿ ಅಂತ ನಾಗಮ್ಮನನ್ನೇ ಕೇಳಿದರು. ನಾಗಮ್ಮ ಗೇಟಿನ ಕಾಗದದ ಕಡೆ ಕೈ ತೋರಿಸಿದಳು. ಅವರು ಹೋಗಿ ಓದಿ, ಮರಳಿ ಬಂದು ಸಾಹೇಬರ ಮುಖ ನೋಡಿದರು.

"ಆತು ಬಿಡವ್ವ, ಆಗಿದ್ದು ಆಗಿ ಹೋತು. ನಡಿ ಒಳಗ" ಅಂದರು ಸಾಹೇಬರು.

ನಾಗಮ್ಮ ಕೂತಲ್ಲಿಂದ ಏಳಲಿಲ್ಲ. "ಬಾಯಿಲೆ ಹೇಳಿದ್ರ ಬರಂಗಿಲ್ರಿ. ಹೊರಗ ಇರು ಅಂತ ಬರದು ಸಿಕ್ಕಾ ಒತ್ತೀರಿ. ಒಳಗ ಬಾ ಅಂತಾನೂ ಬರದು ಒತ್ರಿ."

ಆ ಹಿರಿಯರ ಮುಂದೆ ಸಾಹೇಬರಿಗೆ ಬೇರೆ ದಾರಿ ಇರಲಿಲ್ಲ. ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು ಬರೆದರು. ಅವಳು ತೆಗೆದುಕೊಂಡು ಓದತೊಡಗಿದಳು. ಬಹಳ ಹೊತ್ತು ಹಿಡಿಯಿತು. "ಮೇಲ್ವಿಚಾರಕರ ತರಬೇತಿಯ ಲೋಪದಿಂದ ಆದ ಘಟನೆಯೆಂದು ಅವರೇ ಲಿಖಿತವಾಗಿ ಒಪ್ಪಿರುವುದರಿಂದ, ನಾಗಮ್ಮ ಇವರನ್ನು ಕೆಲಸಕ್ಕೆ ಮರಳಿ ಸೇರಿಸಿಕೊಳ್ಳಲಾಗಿದೆ." ಓದಿ ಮುಗಿಸಿ ನನ್ನ ಕಡೆ ತಿರುಗಿದಳು. ನಾನು ಒಳಗೊಳಗೇ ಹಿಗ್ಗಿ ನಿಂತಿದ್ದೆ, ಸುಳ್ಳು ಹೇಳುವುದಿಲ್ಲ. ಈಗ ಕೈ ಮುಗಿಯುತ್ತಾಳೆ ಅಂದುಕೊಂಡಿದ್ದೆ.

"ಯಾರನ್ನ ಕೇಳಿ ಇದನ್ನ ಬರಕೊಟ್ರಿ ಡಾಕ್ಟರ್ರ?" ಅಂದಳು. ದನಿಯಲ್ಲಿ ಸಿಟ್ಟಿತ್ತು. "ನೀವು ಹೇಳಲಿಲ್ಲ, ಖರೆ. ನಾನೂ ಕೇಳಲಿಲ್ಲ. ಗೊಟ್ಟ ಹಾಕಿದ ಕೈ ಇದು. ನನ್ನ ತಪ್ಪು ನಿಮ್ಮ ಹೆಸರಿಗೆ ಬರಕೊಂಡ್ರ, ಈ ಹನ್ನೊಂದ ದಿನ ನಾ ಮಾಡಿದ್ದು ಯಾರ ಹೆಸರಿಗೆ ಹೋಗಬೇಕು?"

ಅವಳನ್ನು ಉಳಿಸಲು ಹೊರಟವನು ನಾನು. ಸಾಹೇಬರು ಅವಳಿಗೆ ಕೆಲಸ ತಿಳಿಯದು ಅಂದರು. ಅವಳದೇನೂ ತಪ್ಪಿಲ್ಲ ಅಂತ ನಾನು ಬರೆದುಕೊಟ್ಟೆ. ಇಬ್ಬರೂ ಅವಳನ್ನು ಕೇಳಿರಲಿಲ್ಲ. ಇಬ್ಬರ ಲೆಕ್ಕದಲ್ಲೂ ಅವಳು ಅಷ್ಟೇ, ನಾವು ಹೇಳಿದ್ದನ್ನು ಮಾಡುವ ಆಳು.

"ಇದನ್ನ ಹೊಡದು ಹಾಕಿ ಬ್ಯಾರೆ ಬರೀರಿ" ಅಂದಳು ಸಾಹೇಬರಿಗೆ. ಏನಂತ ಬರೆಯಬೇಕೆಂದೂ ಅವಳೇ ಹೇಳಿದಳು. ಅವರು ತುಟಿ ಬಿಗಿಹಿಡಿದು, ಹೊಸ ಹಾಳೆ ತೆಗೆದು ಬರೆದರು: ತಪ್ಪು ಮಾಡಿದವರು ನಾಗಮ್ಮ, ಕುದುರೆಯನ್ನು ಬದುಕಿಸಿದವರೂ ನಾಗಮ್ಮ, ಇವರು ಇಂದಿನಿಂದ ಕೆಲಸದಲ್ಲಿ ಇರುತ್ತಾರೆ. ಅವಳು ಮತ್ತೆ ಅಕ್ಷರ ಅಕ್ಷರ ಕೂಡಿಸಿ ಓದಿ, ಮಡಚಿ ಕುಪ್ಪಸದಲ್ಲಿಟ್ಟುಕೊಂಡು, ಬಿಜಲಿಯ ಹಗ್ಗ ಬಿಚ್ಚಿ ಒಳಗೆ ನಡೆದಳು. ಹಿಂದಿನಿಂದ ಹದಿನೆಂಟು ಕುದುರೆ, ನಾಲ್ಕು ಜನ. ಕೊನೆಗೆ ನಾನು.

ಬಿಜಲಿ ಆಮೇಲೆ ಮೂರು ವರ್ಷ ಬದುಕಿತು. ಕೆಮ್ಮು ಪೂರ್ತಿ ಹೋಗಲಿಲ್ಲ. ಹೊಸ ಕೆಲಸಗಾರರಿಗೆ ಕಲಿಸುವುದನ್ನು ನಾನು ನಾಗಮ್ಮನಿಗೆ ಬಿಟ್ಟೆ. ಅವಳು ಮೊದಲ ದಿನ ಏನೂ ಕಲಿಸುತ್ತಿರಲಿಲ್ಲ. ಎತ್ತು, ಎಮ್ಮೆ, ಆಡಿಗೆ ನೀವು ಏನೇನು ಮಾಡುತ್ತೀರಿ ಅಂತ ಸಂಜೆವರೆಗೆ ಕೂರಿಸಿ ಕೇಳುತ್ತಿದ್ದಳು. ಎರಡನೇ ದಿನ ಅದರಲ್ಲಿ ಯಾವುದು ಕುದುರೆಗೆ ಆಗದು ಅಂತ ಒಂದೊಂದಾಗಿ ಬಿಡಿಸುವಳು. ಗೊಟ್ಟದ ಮಾತು ಬಂದಾಗ ತಲೆ ಎತ್ತಿ, "ನಾನ ಹಾಕಿದ್ದೆ, ಏನಾತು ಕೇಳ್ರಿ" ಅಂತ ಶುರುಮಾಡುವಳು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಕೈಕೆಳಗಿನವರ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಳ್ಳುವುದು ದೊಡ್ಡತನ ಅಂತ ಸರ್ವೀಸಿನ ಉದ್ದಕ್ಕೂ ನಂಬಿದ್ದೆ. ಅದರ ಜೊತೆಗೆ ಅವರ ಕೆಲಸವನ್ನೂ ಹೊತ್ತುಕೊಂಡು ಹೋಗುತ್ತೇವೆ ಅನ್ನುವುದು ತಿಳಿದಿರಲಿಲ್ಲ. ಆಮೇಲೆ ಎಷ್ಟೋ ವರದಿ ಬರೆದೆ. ಯಾರ ಬಗ್ಗೆ ಬರೆದರೂ ಸಹಿ ಮಾಡುವ ಮೊದಲು ಅವರನ್ನು ಎದುರು ಕೂರಿಸಿ ಓದಿ ಹೇಳಿದೆ. ಎರಡು ಸಲ ನನ್ನ ಕೈಯಿಂದಲೇ ವರದಿಯನ್ನು ಹರಿದು ಹಾಕಿಸಿದರು. ಎರಡೂ ಸಲ ಅವರೇ ಸರಿ ಇದ್ದರು.